ನೆಲ ಮುಟ್ಟಿದರೆ ಔಟು

ಕಬಡ್ಡಿಯೇ ಮೈದಾನ ಬಿಟ್ಟು ಮನೆಯೊಳಗೆ ಬಂದ ಮೇಲೆ ಅರವತ್ತೆರಡರ ಬಸಲಿಂಗವ್ವ ಮತ್ತೆ ಆಟಕ್ಕಿಳಿದಿದ್ದಳು. ಅಂತರ್ಜಾಲಕ್ಕೆ ಜೋಡಿಸಿದ ಆಟದ ಕೈಗವಸು ತೊಟ್ಟರೆ ಸಾಕು, ವಿಜಯಪುರದ ಎದುರಾಳಿಯ ಪಟ್ಟು ಗದಗಿನಲ್ಲಿದ್ದ ಅವಳ ಮಣಿಕಟ್ಟಿಗೆ ಬೀಳುತ್ತಿತ್ತು. ಆದರೆ ಹಳೇ ರೂಢಿ ಬಿಡಬೇಕಲ್ಲ! ಗೆರೆ ದಾಟುವ ಮುಂಚೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಹಾಳು ಕೈಗವಸು ಅದನ್ನು ಸೋಲೊಪ್ಪಿದ ಸನ್ನೆಯೆಂದು ತಿಳಿದು ಔಟು ಮಾಡಿಬಿಡುತ್ತಿತ್ತು. ಫೈನಲ್‌ನಲ್ಲೂ ಹಾಗೇ ಎರಡು ಸಲ ಆಯಿತು. ಉಳಿದದ್ದು ಕೊನೆಯ ಸರದಿ.

"ಮುಟ್ಟಬ್ಯಾಡ, ಹಂಗ ಹೋಗು," ಅಂದ ಗಂಡ ವಿರೂಪಣ್ಣ.

"ನೆಲ ಮುಟ್ಟದೆ ಕಾಲು ಏಳಂಗಿಲ್ರೀ."

ನಲವತ್ತು ವರ್ಷದಲ್ಲಿ ಅವಳ ಒಂದು ಆಟವನ್ನೂ ನೋಡಲು ಬಾರದವನು ಸೊಂಟ ಹಿಡಿದುಕೊಂಡು ಬಗ್ಗಿದ. ಬರಿಗೈಲಿ ನೆಲ ಮುಟ್ಟಿ ಅವಳ ಕಣ್ಣಿಗೊತ್ತಿದ.

"ಈಗ ನಡಿ."

"ಕಬಡ್ಡಿ, ಕಬಡ್ಡಿ" ಎನ್ನುತ್ತ ಬಸಲಿಂಗವ್ವ ಗೆರೆ ದಾಟಿದಳು. ಅವಳು ಗೆದ್ದು ತಿರುಗಿ ಬರುವವರೆಗೂ ವಿರೂಪಣ್ಣ ಉಸಿರು ಬಿಡಲಿಲ್ಲ.