ಊಟದ ಗಂಟೆ

ಶಾಲೆಗೆ ಸೇರಿಸುವ ದಿನವೇ ಮಗುವಿನ ಕೈಗೊಂದು, ತಾಯಿಯ ಕೈಗೊಂದು ಪಟ್ಟಿ ಕಟ್ಟುವುದು ಸಮವಸ್ತ್ರದಷ್ಟೇ ಮಾಮೂಲಾಗಿತ್ತು. ಮಗುವಿಗೆ ಸಿಟ್ಟೋ ದಿಗಿಲೋ ಏರಿದರೆ ಅದು ಪಟ್ಟಿಯ ಮೂಲಕ ತಾಯಿಯ ಮೈಗೆ ಇಳಿಯುತ್ತಿತ್ತು. ಮಗು ತಣ್ಣಗೆ ಕೂತಿರುತ್ತಿತ್ತು.

ಲಲಿತಾಕ್ಷಿ ಹೆಡ್ ಮೇಡಂ ಮುಂದೆ ಕೂತು ಮತ್ತೆ ಅದನ್ನೇ ಕೇಳಿದಳು. "ನನ್ನ ಮಗಳು ಶ್ರಾವ್ಯಾಗೆ ಒಬ್ಬರು ವಿಶೇಷ ಟೀಚರ್ ಬೇಕು ಮೇಡಂ."

"ಯಾಕಮ್ಮ? ಇಡೀ ಕ್ಲಾಸಿನಲ್ಲಿ ಅವಳಷ್ಟು ಸಮಾಧಾನದ ಹುಡುಗಿ ಇನ್ನೊಬ್ಬಳಿಲ್ಲ. ಒಬ್ಬಳಿಗೋಸ್ಕರ ಶಾಲೆಯ ಪದ್ಧತಿ ಬದಲಾಯಿಸೋದಕ್ಕೂ ಆಗೋದಿಲ್ಲ."

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಆ ಸದ್ದು ಶ್ರಾವ್ಯಾಗೆ ಆಗುವುದಿಲ್ಲ. ಲಲಿತಾಕ್ಷಿಯ ದವಡೆ ಬಿಗಿಯಿತು, ಬೆರಳುಗಳು ಸೆಟೆದವು. ಅಭ್ಯಾಸದಂತೆ ಅವಳು ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ತನ್ನದೇ ಸಿಟ್ಟು ಕೊನೆಯ ಸಲ ಯಾವಾಗ ಬಂದಿತ್ತೋ ಅವಳಿಗೆ ನೆನಪಿರಲಿಲ್ಲ. ಅದಕ್ಕೆ ಒಳಗೆ ಜಾಗವೇ ಉಳಿದಿರಲಿಲ್ಲ.

ಬಿಗಿತವೆಲ್ಲ ಇಳಿದ ಮೇಲೆ ಅವಳು ತನ್ನ ಕೈಯ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. "ಊಟ ಮುಗಿದಾಗ ಇನ್ನೊಂದು ಗಂಟೆ ಹೊಡೀತದಲ್ಲ ಮೇಡಂ. ಅಲ್ಲಿವರೆಗೆ ಇದನ್ನ ನೀವು ಕಟ್ಟಿಕೊಳ್ಳಿ."

ಹೆಡ್ ಮೇಡಂ ಪಟ್ಟಿಯನ್ನು ನೋಡಿದರು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಆಮೇಲೆ ಜವಾನನನ್ನು ಕರೆದು, "ಇವತ್ತು ಇನ್ನೊಂದು ಗಂಟೆ ಹೊಡೆಯುವುದು ಬೇಡ" ಎಂದರು.