ಹಳದಿ ಶಾಲು

"ಕೈ ತೆಗಿಯೋ, ನಾನೇ ಒತ್ತುತೀನಿ," ಎಂದು ಅಕ್ಕ ತಮ್ಮನ ಕೈಯನ್ನು ಫೋನಿನಿಂದ ಪಕ್ಕಕ್ಕೆ ಸರಿಸಿದಳು. ಬಟ್ಟೆ ಅಂಗಡಿಗೆಂದು ತಮ್ಮ ಒಬ್ಬನೇ ಕೂತು ಕಟ್ಟಿದ ಶಾಪಿಂಗ್ ಆ್ಯಪ್ ಅದು. "ಕಣ್ಣು ಕಾಣದವರು ಇದರಲ್ಲಿ ಬಟ್ಟೆ ಕೊಳ್ತಾರೇನ್ರೀ? ಸುಮ್ನೆ ತಡ ಮಾಡ್ತಿದೀರಿ," ಎಂದು ಅಂಗಡಿಯ ಯಜಮಾನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೆಳಿಗ್ಗೆಯಿಂದ ಗೊಣಗುತ್ತಿದ್ದ. ತಮ್ಮ ಜಗ್ಗಿರಲಿಲ್ಲ. ದೃಷ್ಟಿ ಕಳೆದುಕೊಂಡ ಅಕ್ಕನ ಕೈಯಲ್ಲಿ ಆಗದಿದ್ದರೆ ಆ್ಯಪ್ ಬಿಡುಗಡೆಯೇ ಇಲ್ಲ ಎಂದು ಪಟ್ಟು ಹಿಡಿದಿದ್ದ.

ಅಕ್ಕನ ಬೆರಳು ಗಾಜಿನ ಮೇಲೆ ನಿಧಾನವಾಗಿ ಜಾರಿತು. ಬೂದು ಶಾಲು, ಕಂದು ಶಾಲು, ಹಳದಿ ಶಾಲು ಎಂದು ಫೋನು ಒಂದೊಂದಾಗಿ ಓದಿ ಹೇಳಿತು. ಹೋದ ಸಲ ಹಣ ಕಟ್ಟುವ ಪುಟದಲ್ಲಿ ಫೋನು ಬಾಯಿ ಬಿಡದೆ, ಅಕ್ಕ ಅಲ್ಲೇ ಸಿಕ್ಕಿಕೊಂಡಿದ್ದಳು. ಈಗ ಅದೇ ಪುಟ ಬಂದಾಗ ತಮ್ಮ ಮುಂದಕ್ಕೆ ಬಾಗಿ ಕಿವಿಗೊಟ್ಟ. "ಕೊಳ್ಳಲು ಇಲ್ಲಿ ಎರಡು ಸಲ ತಟ್ಟಿ," ಎಂದಿತು ಫೋನು. ಅಕ್ಕ ತಟ್ಟಿದಳು.

ಗಲ್ಲಾಪೆಟ್ಟಿಗೆಯ ಮೇಲಿದ್ದ ಯಜಮಾನನ ಫೋನು ಟಿಣ್ ಎಂದಿತು. ಅವನು ಬಗ್ಗಿ ಬಂದ ಆರ್ಡರ್ ನೋಡಿ, ತಾನೇ ಕಪಾಟಿನಿಂದ ಹಳದಿ ಶಾಲು ತೆಗೆದು ಅಕ್ಕನ ಮಡಿಲಲ್ಲಿಟ್ಟ. "ಇವತ್ತೇ ಬಿಡುಗಡೆ ಮಾಡ್ರಿ," ಎಂದ.

"ಹಳದಿ ಯಾಕಕ್ಕಾ?" ತಮ್ಮ ಕೇಳಿದ.

"ಇಷ್ಟು ವರ್ಷ ನೀನು ತಂದಿದ್ದನ್ನೇ ಹೊದ್ಕೊಂಡೆ. ಇದು ನಾನು ಆರಿಸಿದ್ದು ಕಣೋ," ಎಂದು ಅಕ್ಕ ಶಾಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು.