ಉಪವಾಸದ ಕಳೆ

ಮದುಮಗಳ ಹಣೆಗೆ ತಾಗಬೇಕಿದ್ದ ಪೆನ್ಸಿಲ್ ಗಾಳಿಯಲ್ಲೇ ನಡುಗಿತು. ವಿನಾರ್ತಿ ಕೈ ಹಿಂದಕ್ಕೆ ತೆಗೆದುಕೊಂಡು, ತುದಿ ಮೊಂಡಾಗಿದೆ ಎಂಬಂತೆ ಅದನ್ನು ಹೆರೆಯತೊಡಗಿದಳು.

ಸೋಲೋ ಊರಿನಲ್ಲಿ ಮದುಮಗಳ ಹಣೆಯ ಮೇಲೆ ಕಪ್ಪು ಚಿತ್ತಾರ ಬರೆಯುವವಳು ಉಪವಾಸವಿರಬೇಕು. ಅವಳ ವ್ರತ ಕೆಟ್ಟರೆ ಮದುಮಗಳ ಮುಖಕ್ಕೆ ಕಳೆ ಬರುವುದಿಲ್ಲ. ಮುಂದೆ ಗಂಡಹೆಂಡಿರ ನಡುವೆ ಏಳುವ ಜಗಳಗಳ ದೂರೆಲ್ಲ ಚಿತ್ತಾರ ಬರೆದವಳ ತಲೆಗೇ. ವಿನಾರ್ತಿ ನಿನ್ನೆಯಿಂದ ಏನೂ ತಿಂದಿರಲಿಲ್ಲ. ಕರುಳಿನ ಹುಣ್ಣಿಗೆ ಕೊಟ್ಟ ಸ್ಟೆರಾಯ್ಡ್ ಮಾತ್ರೆಯನ್ನು ಊಟದ ಮೇಲೆ ನುಂಗಬೇಕಾದ್ದರಿಂದ ಅದನ್ನೂ ಬಿಟ್ಟಿದ್ದಳು. ಕೈನಡುಕ ತಂದದ್ದು ಆ ಮಾತ್ರೆಯೇ. ಬಿಟ್ಟರೆ ನಿಂತೀತೆಂಬ ಆಸೆಯೂ ಇತ್ತು. ಒಮ್ಮೆಲೇ ನಿಲ್ಲಿಸಿದರೆ ಕುಸಿದು ಬೀಳುತ್ತೀರೆಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಈಗ ನಡುಕದ ಜೊತೆಗೆ ತಣ್ಣನೆಯ ಬೆವರು, ಕಣ್ಣಿಗೆ ಕತ್ತಲೆ.

ಮದುಮಗಳ ತಾಯಿ ಹರ್ತಾತಿ ಬಾಗಿಲಲ್ಲಿ ಇಣುಕಿ, ಅಮ್ಮ ಎನ್ನುವಂತೆ ಗೌರವದ 'ಬು' ಸೇರಿಸಿ ಕೇಳಿದರು.

"ನಿಮ್ಮ ಕೆನ್ನೆ ಎಷ್ಟು ದುಂಡಗಾಗಿದೆ ಬು. ಉಪವಾಸ ಮಾಡೋರು ಹೀಗಿರ್ತಾರಾ?"

ಕೆನ್ನೆ ಊದಿಸಿದ್ದೂ ಅದೇ ಮಾತ್ರೆ. ವಿನಾರ್ತಿ ನಕ್ಕಳು. ಹರ್ತಾತಿಯೂ ನಗುತ್ತಾ ಬಾಗಿಲೆಳೆದುಕೊಂಡು ಹೋದರು.

ಕಣ್ಣು ಮುಚ್ಚಿ ಕೂತಿದ್ದ ಮದುಮಗಳು ಲಾರಸ್, ತನ್ನ ಕೈಮೇಲೆ ಬಿದ್ದ ಬೆವರ ಹನಿಯನ್ನು ಒರೆಸಿಕೊಂಡು ಏನಾಯಿತೆಂದು ಕೇಳಿದಳು. ಸೆಕೆ ಎಂದಳು ವಿನಾರ್ತಿ. ಆಮೇಲೆ, ಏಕೋ, ಎಲ್ಲವನ್ನೂ ಹೇಳಿಬಿಟ್ಟಳು. ಹೊರಗೆ ಕುರ್ಚಿ ಎಳೆಯುವ ಸದ್ದು.

"ಮಾತ್ರೆ ಜೊತೇಲಿದ್ಯಾ?" ಲಾರಸ್ ಕೇಳಿದಳು.

"ಚೀಲದಲ್ಲಿದೆ. ಆದ್ರೆ ವ್ರತ ಮುರಿದ್ರೆ ನಿನ್ನ ಸಂಸಾರ ಏನಾಗುತ್ತೆ ಮಗೂ..."

"ನನಗೆ ಅಂತ ಇಟ್ಟಿರೋ ಆ ಬುಟ್ಟೀಲಿ ಅನ್ನ ಇದೆ, ತಿನ್ನಿ. ನಾಳೆ ನಮ್ಗೆ ಜಗಳ ಆದ್ರೆ ಅದು ನಿಮ್ಮ ಅನ್ನದಿಂದಲ್ಲ ಬು, ನನ್ನ ಗಂಡನ ಬಾಯಿಂದ. ನಾನಂತೂ ಕಣ್ಣು ಮುಚ್ಕೊಂಡಿದೀನಿ, ಏನೂ ನೋಡಿಲ್ಲ."

ವಿನಾರ್ತಿ ಬಾಗಿಲಿಗೆ ಬೆನ್ನು ಮಾಡಿ ತಿಂದಳು. ಅಗಿಯುವ ಸದ್ದು ಹೊರಗೂ ಕೇಳಿಸೀತೆಂದು ತುತ್ತುಗಳನ್ನು ಹಾಗೇ ನುಂಗಿದಳು, ಹಿಂದೆಯೇ ಮಾತ್ರೆಯನ್ನೂ. ಸ್ವಲ್ಪ ಹೊತ್ತಿಗೆ ಕಣ್ಣ ಕತ್ತಲೆ ಸರಿಯಿತು. ಕೈನಡುಕ ಪೂರ್ತಿ ನಿಲ್ಲಲಿಲ್ಲ. ಒಂದು ನಡುಕಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ, ಉಸಿರು ಬಿಗಿಹಿಡಿದು, ಗೆರೆ ಎಳೆದಳು.

ಹರ್ತಾತಿ ಬಂದು ಮಗಳ ಗಲ್ಲವೆತ್ತಿ ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿತು.

"ಎಂಥಾ ಕಳೆ. ಎಲ್ಲ ನಿಮ್ಮ ಉಪವಾಸದ ಶಕ್ತಿ ಬು. ಚಿಕ್ಕ ಮಗಳ ಮದುವೆಗೂ ನೀವೇ ಬರ್ಬೇಕು. ಅವಳಿಗೋಸ್ಕರ ಮೂರು ದಿನ ಉಪವಾಸ ಇದ್ಬಿಡಿ."

ವಿನಾರ್ತಿ ತಲೆಯಾಡಿಸಿದಳು. ಬಾಯಿ ತೆರೆಯಲಿಲ್ಲ, ನಾಲಿಗೆಯ ಮೇಲೆ ಮಾತ್ರೆಯ ಕಹಿ ಇನ್ನೂ ಇತ್ತು.